ಗುಹೆಯ ಮೌನಕ್ಕೆ ನಲವತ್ತು ಪುಟ

ಪಂಡಿತೆ ಎನ್ನುವುದು ಅವಳ ಹೆಸರಲ್ಲ, ಅಣ್ಣ ಇಟ್ಟ ಅಡ್ಡಹೆಸರು. ಅವಳು ಸಂಗೀತದಲ್ಲಿ ಸಂಶೋಧನೆ ಮಾಡುತ್ತೇನೆಂದು ವಿಶ್ವವಿದ್ಯಾಲಯ ಸೇರಿದ ದಿನ ಇಟ್ಟ. ಮೊದಲು ಮನೆಯಲ್ಲಿ, ಆಮೇಲೆ ಕ್ಯಾಂಟೀನಿನಲ್ಲಿ, ಕೊನೆಗೆ ವಾದ್ಯವೃಂದದವರ ಬಾಯಲ್ಲೂ ಅದೇ ನಿಂತುಬಿಟ್ಟಿತು. ಅದರಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ಯೋಚಿಸುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು.

ಅವಳ ಸಂಶೋಧನೆ ಯಾವುದರ ಮೇಲೆ ಎಂದು ಕೇಳಿದವರು ಮೊದಲು ‘ಹೌದಾ!’ ಅನ್ನುತ್ತಿದ್ದರು, ಆಮೇಲೆ ಮೆಲ್ಲಗೆ ಮಾತು ಬದಲಿಸುತ್ತಿದ್ದರು. ಸಿನಿಮಾಕ್ಕೆ, ವಿಡಿಯೋ ಗೇಮಿಗೆ ಅಂತ ಮಾಡಿದ ಸಂಗೀತ ಪರದೆ ಬಿಟ್ಟು ಸಭಾಂಗಣದ ವೇದಿಕೆ ಹತ್ತಿದರೆ ಅದಕ್ಕೇನಾಗುತ್ತದೆ ಎನ್ನುವುದು ವಿಷಯ. ಆಗುವುದು ಬಹಳ. ಸಿನಿಮಾದಲ್ಲಿ ನಾಯಕ ಮಾತಾಡುವಾಗ ಸಂಗೀತ ಕೈಕಟ್ಟಿಕೊಂಡು ಹಿಂದೆ ನಿಂತಿರುತ್ತದೆ. ವೇದಿಕೆಯಲ್ಲಿ ನಾಯಕನೇ ಇಲ್ಲ. ಅವನ ಮಾತಿದ್ದ ಜಾಗ ಭಣಭಣ ಅನ್ನುತ್ತದೆ, ನಾಲ್ಕು ಕಹಳೆ ತಂದು ತುಂಬಬೇಕು. ಗೇಮಿನದು ಇನ್ನೂ ದೊಡ್ಡ ಫಜೀತಿ. ಆಡುವವನು ಗೆಲ್ಲುವ ತನಕವೋ ಸಾಯುವ ತನಕವೋ ಅದು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ, ಮುಗಿಯಬೇಕೆಂಬ ಯೋಚನೆಯೇ ಅದಕ್ಕಿಲ್ಲ. ಆದರೆ ಟಿಕೆಟ್ಟು ಕೊಂಡು ಕೂತ ಜನ ಮನೆಗೆ ಹೋಗಬೇಕಲ್ಲ! ಆ ಸಂಗೀತಕ್ಕೆ ಯಾರಾದರೂ ಕೂತು ಒಂದು ಕೊನೆ ಹೊಲಿಯಬೇಕು.

ಹಾಗೆ ಹೊಲಿಯುವುದೇ ಅವಳ ಅಣ್ಣನ ಕಸುಬು. ಬಸ್‌ಸ್ಟಾಪಿನ ಎದುರಿನ ಕಟ್ಟಡದಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನು, ಒಂದು ಪಿಯಾನೊ, ಒಂದು ದೊಡ್ಡ ಮೇಜು. ಗೇಮಿನ ಸಂಗೀತವನ್ನು ಬಿಡಿಸಿ, ಇದು ಪಿಟೀಲಿಗೆ, ಇದು ದಪ್ಪ ದನಿಯ ಸೆಲ್ಲೊಗೆ, ಇದು ಕೊಳಲಿಗೆ ಎಂದು ಹಂಚಿ, ಊರಿನ ವಾದ್ಯವೃಂದಕ್ಕೆ ಪೆನ್ಸಿಲಿನಲ್ಲಿ ಸ್ಕೋರು, ಅಂದರೆ ಎಲ್ಲ ವಾದ್ಯಗಳ ಸ್ವರಪಟ್ಟಿ, ಬರೆಯುವವನು. ಅಂಗಿಯ ಮೇಲೆ ಸದಾ ರಬ್ಬರಿನ ಪುಡಿ. ತಂಗಿಗೆ ಸಂಶೋಧನೆಗೆ ವಸ್ತು ಬೇಕು, ಅಣ್ಣನ ಹತ್ತಿರ ವಸ್ತುವಿನ ರಾಶಿಯೇ ಇದೆ. ಅವಳು ಪ್ರಶ್ನೆ ಕೇಳಿದರೆ ಅವನದು ಒಂದೇ ಉತ್ತರ: “ಬಂತು, ಬರ್ದೆ.”

“ಹಾಗಂದ್ರೆ ನನ್ನ ಗೈಡು ಒಪ್ಪಲ್ಲ ಅಣ್ಣ.”

“ನಿನ್ನ ಗೈಡಿಗೆ ಏನೂ ಬಂದಿಲ್ಲ ಅನ್ಸುತ್ತೆ, ಅದಕ್ಕೇ.”

ಅಣ್ಣ ಬರೆದದ್ದರಲ್ಲಿ ಜನ ಮತ್ತೆ ಮತ್ತೆ ಕೇಳುತ್ತಿದ್ದುದು ‘ಗುಹೆ’. ಅವರಿಬ್ಬರೂ ಚಿಕ್ಕವರಿದ್ದಾಗ ಮನೆಯಲ್ಲಿದ್ದ ಒಂದು ಹಳೇ ಗೇಮಿನದು. ಲಾಟೀನು ಹಿಡಿದ ಪುಟ್ಟ ಮನುಷ್ಯ ಸೇತುವೆ ದಾಟಿ ಗುಹೆಗಿಳಿಯುತ್ತಾನೆ. ಸೆಲ್ಲೊಗಳು ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಕೆಳಗಿಳಿಯುತ್ತವೆ. ಇನ್ನೇನು ತಳ ಮುಟ್ಟಬೇಕು, ಆಗ ಇಡೀ ವಾದ್ಯವೃಂದ ತಟ್ಟನೆ ಬಾಯಿ ಮುಚ್ಚುತ್ತದೆ. ಏನೂ ಇಲ್ಲ, ಬರೀ ಮೌನ. ಆಮೇಲೆ ಒಂಟಿ ಕೊಳಲು, ಏನೂ ಆಗಿಲ್ಲ ಎನ್ನುವ ಹಾಗೆ ಹಾಡಿಕೊಂಡು ಹೊರಡುತ್ತದೆ.

ಆ ಮೌನದ ಮೇಲೆ ಪಂಡಿತೆ ನಲವತ್ತು ಪುಟ ಬರೆದಿದ್ದಳು. ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ಅದೇ. ಪರದೆಯ ಕತ್ತಲು ಸಭಾಂಗಣದಲ್ಲಿ ಮೌನವಾಗುವುದು ಹೇಗೆ, ಆಡುವವನ ಭಯ ಕೇಳುವವನ ನಿರೀಕ್ಷೆಯಾಗುವುದು ಹೇಗೆ, ಎಲ್ಲ ಇತ್ತು. ಅವಳ ಗೈಡು ಓದಿ ಮೆಚ್ಚಿ, ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಇಡೀ ಪ್ರಬಂಧ ಆ ಅಧ್ಯಾಯದ ಹೆಗಲ ಮೇಲೆ ಕೂತಿತ್ತು.

ವಾದ್ಯವೃಂದವನ್ನು ನಡೆಸುವವರಿಗೆ ಮಾತ್ರ ಆ ಮೌನ ಕಂಡರಾಗುತ್ತಿರಲಿಲ್ಲ. ಕೈಯಲ್ಲಿ ಸದಾ ತಾಳ ತೋರಿಸುವ ಕಡ್ಡಿ ಇರುತ್ತಿದ್ದುದರಿಂದ ಎಲ್ಲರೂ ಅವರನ್ನು ಹಿಂದಿನಿಂದ ಕಡ್ಡಿ ಮೇಷ್ಟ್ರು ಅನ್ನುತ್ತಿದ್ದರು. ಮಾತೂ ಹಾಗೇ, ಕಡ್ಡಿ ಮುರಿದ ಹಾಗೆ. ತಾಲೀಮಿನ ಕೋಣೆಯಲ್ಲಿ ಎಲ್ಲರೆದುರು ಸ್ಕೋರಿನ ಆ ಜಾಗಕ್ಕೆ ಕಡ್ಡಿ ತಟ್ಟಿ ಹೇಳಿದರು:

“ಇದನ್ನ ತೆಗೀತೀನಿ. ಹೋದ ವರ್ಷ ನುಡಿಸಿದಾಗ ಏನಾಯ್ತು? ಮುಗೀತು ಅಂದ್ಕೊಂಡು ಅರ್ಧ ಸಭೆ ಚಪ್ಪಾಳೆ ಹೊಡೀತು. ಒಬ್ಬ ಮಹಾನುಭಾವ ಎದ್ದು ಬಾಗಿಲ ತನಕ ಹೋಗಿದ್ದ. ನಾನು ಕೈ ಮೇಲೆತ್ತಿಕೊಂಡು ನಿಂತಿದೀನಿ, ಪೊಲೀಸಿಗೆ ಸಿಕ್ಕಿಬಿದ್ದ ಕಳ್ಳನ ಹಾಗೆ. ಈ ಸಲ ರೆಕಾರ್ಡಿಂಗ್ ಬೇರೆ ಇದೆ. ನಾವು ಹೇಗೆ ನುಡಿಸ್ತೀವೋ ಹಾಗೇ ಸ್ಕೋರು ಅಚ್ಚಾಗುತ್ತೆ. ಒಂದ್ಸಲ ಅಚ್ಚಾದ್ರೆ ಮುಗೀತು, ಎಲ್ಲರೂ ಹಾಗೇ ನುಡಿಸೋದು.”

ಅಲ್ಲೇ ಕೂತಿದ್ದ ಪಂಡಿತೆಗೆ ತನ್ನ ನಲವತ್ತು ಪುಟ ನೆನಪಾಯಿತು. ಮೌನ ಹೋದರೆ ಮೂರನೇ ಅಧ್ಯಾಯ ಯಾವುದರ ಮೇಲೆ?

“ತೆಗೆಯೋಕಾಗಲ್ಲ ಸರ್,” ಎಂದ ಅಣ್ಣ. “ಅದು ನಾನು ಹಾಕಿದ್ದಲ್ಲ. ಗೇಮಿನಲ್ಲೇ ಇದೆ.”

“ಹೌದು ಸರ್, ಗೇಮಿನಲ್ಲೇ ಇದೆ!” ಎಂದು ಪಂಡಿತೆ ಎದ್ದು ನಿಂತಳು. ಆ ಗೇಮು ಈಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹಳೇ ಗೇಮುಗಳ ಹುಚ್ಚಿರುವ ಒಬ್ಬರನ್ನು ಕಾಡಿ ಬೇಡಿ ಅದರ ಮೂಲ ಸಂಗೀತವನ್ನು ತರಿಸಿಕೊಂಡಿದ್ದಳು. ಅದು ಅವತ್ತೇ ಬೆಳಗ್ಗೆ ಅವಳ ಫೋನಿಗೆ ಬಂದಿತ್ತು. ಎಲ್ಲರಿಗೂ ಕೇಳಿಸುವ ಮೊದಲು ತಾನೊಮ್ಮೆ ಕೇಳಬೇಕಿತ್ತು. ಕೇಳಲಿಲ್ಲ. ಪಂಡಿತರಿಗೆ ಉತ್ತರ ಮೊದಲೇ ಗೊತ್ತಿರುತ್ತದಲ್ಲ! ಫೋನನ್ನು ಸ್ಪೀಕರಿಗೆ ಸಿಕ್ಕಿಸಿ, ಗೆದ್ದವಳ ಹಾಗೆ ಸುತ್ತ ನೋಡಿ, ಗುಂಡಿ ಒತ್ತಿದಳು.

ಕೀಚಲು ದನಿಯಲ್ಲಿ ಹಳೇ ಸಂಗೀತ ಶುರುವಾಯಿತು. ಮೆಟ್ಟಿಲಿಳಿಯಿತು, ಇಳಿಯಿತು, ತಳ ಮುಟ್ಟಿತು, ಉಸಿರು ಕೂಡ ತೆಗೆದುಕೊಳ್ಳದೆ ಸೀದಾ ಕೊಳಲಿನ ಹಾಡಿಗೆ ಹೋಯಿತು. ಮೌನ ಎಲ್ಲೂ ಇರಲಿಲ್ಲ. ಅವಳು ಮತ್ತೆ ಹಾಕಿದಳು. ಎರಡನೇ ಸಲವೂ ಇರಲಿಲ್ಲ. ಹಿಂದಿನ ಸಾಲಿನ ಡೋಲಿನವನು ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ.

ಅಣ್ಣನ ಮುಖ ನೋಡಬೇಕಿತ್ತು, ಪಾಪ. ಇಷ್ಟು ವರ್ಷ ತನ್ನದೇ ಮನೆ ಅಂತ ಇದ್ದವನಿಗೆ ಯಾರೋ ಬಂದು ಇದು ಪಕ್ಕದ ಮನೆ ಅಂದ ಹಾಗೆ ಪೆಚ್ಚಾಗಿದ್ದ. ಅವನು ಆ ತುಣುಕನ್ನು ಮೂಲ ಕೇಳಿ ಬರೆದಿರಲಿಲ್ಲ, ನೆನಪಿನಿಂದ ಬರೆದಿದ್ದ. ನೆನಪಿನಲ್ಲಿ ಮೌನ ಅಷ್ಟು ಗಟ್ಟಿಯಾಗಿತ್ತು.

“ನಮ್ಮನೇಲಿದ್ದ ಗೇಮು ಬೇರೆ ಥರ ಇತ್ತು,” ಎಂದು ಗೊಣಗಿದ. ಆಮೇಲೆ ಸ್ಕೋರು ಮುಚ್ಚಿ, “ಇರಲಿ ಸರ್. ತಪ್ಪಾಗಿದೆ. ತೆಗೆದುಬಿಡಿ,” ಎಂದ.

ಅಯ್ಯೋ, ಹಾಗನ್ನಬಾರದಿತ್ತು. ಅವನು ಜಗಳ ಆಡಿದ್ದರೆ ಪಂಡಿತೆಗೆ ಅಷ್ಟು ನೋಯುತ್ತಿರಲಿಲ್ಲ. ನಲವತ್ತು ಪುಟ ಹೋದರೆ ಹೋಗಲಿ ಅನ್ನುವಷ್ಟು ದೊಡ್ಡ ಮನಸ್ಸು ಅವಳದಲ್ಲ, ಆ ಸಂಕಟ ಇದ್ದೇ ಇತ್ತು. ಆದರೆ ಅಣ್ಣ ಬರೆದದ್ದರಲ್ಲಿ ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಅದು, ಅದನ್ನು ಎಲ್ಲರೆದುರು ಕೊಂದವಳು ತಾನೇ. ಫೋನಿನ ತಂತಿ ಕಿತ್ತು ಸುತ್ತುತ್ತಾ, “ಸರ್, ನಾಳೆ ತನಕ ಬಿಡಿ,” ಎಂದಳು. “ಕಾರಣ ಹೇಳ್ತೀನಿ.”

“ನಿಮ್ಮ ನಲವತ್ತು ಪುಟ ಬೇಡಮ್ಮ. ಒಂದು ವಾಕ್ಯ. ಅಲ್ಲಿ ಯಾಕೆ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಅಷ್ಟೇ. ನಾಳೆ ಕೊನೇ ತಾಲೀಮು. ಹೇಳಿದ್ರೆ ಇರುತ್ತೆ, ಇಲ್ದಿದ್ರೆ ಇಲ್ಲ.”

ಅವತ್ತು ಸಂಜೆ ಅಣ್ಣ ತಂಗಿ ಇಬ್ಬರೂ ಅಮ್ಮನ ಮನೆಗೆ ಹೋದರು. ನಮ್ಮನೇದು ಬೇರೆ ಥರ ಇತ್ತು ಅಂದನಲ್ಲ ಅಣ್ಣ, ಆ ಮಾತನ್ನು ಪಂಡಿತೆ ಬಿಟ್ಟಿರಲಿಲ್ಲ. ಅಮ್ಮ ಯಾವುದನ್ನೂ ಬಿಸಾಡುವ ಪೈಕಿಯಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವಳು. ಖಾಲಿ ಔಷಧಿ ಬಾಟಲಿಗಳನ್ನು ಕೂಡ ತೊಳೆದು ಸಾಲಾಗಿ ಇಟ್ಟಿದ್ದಳು. ಹಳೇ ದಪ್ಪ ಟಿವಿ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆಗೆ ಪೀಠವಾಗಿತ್ತು. ಗೇಮಿನ ಪೆಟ್ಟಿಗೆ ಅಟ್ಟದ ಮೇಲೆ, ಹಳೇ ಸೀರೆಯಲ್ಲಿ ಸುತ್ತಿಟ್ಟಿತ್ತು.

“ಏನ್ರೋ ಇದು, ಇಬ್ರೂ ಒಟ್ಟಿಗೆ ಬಂದ್ರಲ್ಲ ಅಂತ ಖುಷಿಪಟ್ರೆ ಅಟ್ಟ ಹತ್ತಿದೀರಾ,” ಎಂದಳು ಅಮ್ಮ.

“ಸಂಶೋಧನೆ ಅಮ್ಮ,” ಎಂದ ಅಣ್ಣ ಮೇಲಿನಿಂದ, ಧೂಳಿಗೆ ಸೀನುತ್ತಾ. “ನಿನ್ನ ಮಗಳು ನನ್ನ ಮಾನ ಕಳೆದಿದ್ದು ಸಾಲ್ದು ಅಂತ ಈಗ ಸಾಕ್ಷಿ ಹುಡುಕ್ತಿದಾಳೆ.”

“ನಾನೇನು ಬೇಕು ಅಂತ ಮಾಡಿದ್ನಾ?”

“ಬೇಕು ಅಂತ ಮಾಡಿದ್ರೆ ಇಷ್ಟು ಚೆನ್ನಾಗಿ ಆಗ್ತಿರ್ಲಿಲ್ಲ ಬಿಡು.”

ತಂತಿಗಳನ್ನು ಹೇಗೆ ಹೇಗೋ ಜೋಡಿಸಿ, ಟಿವಿಯ ತಲೆಗೆರಡು ಏಟು ಕೊಟ್ಟ ಮೇಲೆ ಪರದೆ ನೀಲಿಯಾಯಿತು. ಅಣ್ಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಗುಂಡಿಗಳಿದ್ದ ಆಟದ ಹಿಡಿಯನ್ನು ಕೈಗೆ ತೆಗೆದುಕೊಂಡ. ಅರ್ಧ ತಲೆ ನೆರೆತ ಗಂಡಸು, ಹಿಡಿ ಕೈಗೆ ಬಂದ ಕೂಡಲೇ ನಾಲಿಗೆಯ ತುದಿ ಹೊರಗೆ ಹಾಕಿದ. ಪಂಡಿತೆ ಗೋಡೆಗೊರಗಿ, ಕಿವಿ ನಿಮಿರಿಸಿ ಕೂತಳು.

ಲಾಟೀನಿನ ಪುಟ್ಟ ಮನುಷ್ಯ ಸೇತುವೆ ದಾಟಿದ. ಪರದೆ ಕಪ್ಪಾಯಿತು, ಲಾಟೀನಿನ ಬೆಳಕಷ್ಟೇ ಉಳಿಯಿತು. ಸಂಗೀತ ಮೆಟ್ಟಿಲಿಳಿಯತೊಡಗಿತು, ಒಂದು, ಇನ್ನೊಂದು, ಇನ್ನೂ ಒಂದು. ತಟ್ಟನೆ ನಿಂತಿತು.

“ನಿಲ್ತು! ನೋಡಿದ್ಯಾ, ಇದೆ!” ಎಂದು ಕೂಗಿದ ಅಣ್ಣ.

ಪಂಡಿತೆ ಪರದೆ ನೋಡಿದಳು. ಪುಟ್ಟ ಮನುಷ್ಯನೂ ಕಾಲೆತ್ತಿದವನು ಹಾಗೇ ನಿಂತಿದ್ದ. “ಅಣ್ಣ, ಸಂಗೀತ ನಿಂತಿದ್ದಲ್ಲ. ಆಟಾನೇ ನಿಂತಿದೆ. ನೀನು ನಿಲ್ಲಿಸಿದ್ದು.”

“ನಾನೆಲ್ಲಿ ನಿಲ್ಲಿಸ್ದೆ?”

“ನಿನ್ನ ಹೆಬ್ಬೆರಳು ನೋಡು.”

ನೋಡಿದ. ಹೆಬ್ಬೆರಳು ಆಟ ತಡೆಯುವ ಗುಂಡಿಯ ಮೇಲೆ ಒತ್ತಿ ಕೂತಿತ್ತು. ಅಷ್ಟೇ ಅಲ್ಲ, ಅವನ ಎಡಗೈ ಹಿಡಿಯನ್ನು ಬಿಟ್ಟು ಮೈಯಿಂದ ದೂರಕ್ಕೆ ಚಾಚಿಕೊಂಡಿತ್ತು, ಬಾಗಿಲು ತೆರೆದಿಟ್ಟ ಹಾಗೆ. ಅದು ಯಾವಾಗ ಹಾಗೆ ಹೋಯಿತೆಂದು ಅವನಿಗೇ ಗೊತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಅಮ್ಮ ಟೀ ಲೋಟ ಹಿಡಿದು ಬಂದವಳು, ಪರದೆ ನೋಡಿ, ಮಗನನ್ನು ನೋಡಿ, ಲೋಟ ಕೆಳಗಿಡುತ್ತಾ ಅಂದಳು:

“ಆಡೋ, ಆಡು. ಅವಳಿಗೀಗ ಭಯ ಆಗಲ್ಲ.”

ಇಬ್ಬರೂ ಅವಳತ್ತ ತಿರುಗಿದರು. “ಯಾರಿಗೆ?” ಎಂದಳು ಪಂಡಿತೆ.

“ಇನ್ಯಾರಿಗೆ, ನಿಂಗೆ! ನೆನಪಿಲ್ವಾ? ಎಲ್ಲಿ ನೆನಪಿರುತ್ತೆ, ಇಷ್ಟುದ್ದ ಇದ್ದೆ.” ಅಮ್ಮ ಮಂಚದ ಮೇಲೆ ಕೂತಳು. “ನಿಮ್ಮಪ್ಪ ಲಾರಿ ಹಿಡ್ಕೊಂಡು ಹೋದ್ರೆ ವಾರಗಟ್ಲೆ ನಾಪತ್ತೆ. ನಂದು ಮಧ್ಯಾಹ್ನದ ಪಾಳಿ. ನಿನ್ನ ನೋಡ್ಕೊಳೋಕೆ ಇದ್ದೋನು ಇವನೊಬ್ಬ. ನಂಗೆ ರಜ ಇದ್ದಾಗೆಲ್ಲ ನೋಡ್ತಿದ್ದೆ. ಈ ಗುಹೆ ಡುಂ ಡುಂ ಶುರುವಾದ್ರೆ ಸಾಕು, ನೀನು ಎಲ್ಲಿದ್ರೂ ಓಡಿ ಬರ್ತಿದ್ದೆ. ಕೇಳದೆ ಇರೋಕೂ ಆಗಲ್ಲ, ಕೇಳೋಕೂ ಭಯ. ಇವನು ಆಟ ನಿಲ್ಸಿ, ಕೈ ಎತ್ತಿ ಜಾಗ ಮಾಡೋನು. ನೀನು ತೊಡೆ ಹತ್ತಿ, ಅಂಗಿಯೊಳಗೆ ಮುಖ ಹುಗಿಸ್ಕೊಂಡು ‘ಮುಗೀತಾ, ಮುಗೀತಾ’ ಅಂತ ಕೇಳೋದು. ಇವನು ‘ಇನ್ನೂ ಇದೆ, ಕೂತ್ಕೋ’ ಅನ್ನೋನು. ಆಮೇಲೆ ಆಟ. ದಿನಾ ಇದೇ ನಾಟಕ. ಟೀ ಆರುತ್ತೆ, ಕುಡೀರಿ.”

ಅಮ್ಮನಿಗೆ ಅದು ಅಷ್ಟೇ. ಎದ್ದು ಒಳಗೆ ಹೋದಳು.

ಪಂಡಿತೆ ಟೀ ಕಡೆ ನೋಡಲಿಲ್ಲ. ನಲವತ್ತು ಪುಟ ಕಣ್ಣ ಮುಂದೆ ಸಾಲಾಗಿ ಹಾದುಹೋಯಿತು. ಕತ್ತಲು, ನಿರೀಕ್ಷೆ, ಆಡುವವನ ಭಯ. ಇಷ್ಟು ದೊಡ್ಡ ದೊಡ್ಡ ಮಾತು ಹೊಂದಿಸಿ ತಾನು ಹುಡುಕಿದ್ದು ತನ್ನನ್ನೇ! ನಗು ಬಂತು. ತನ್ನನ್ನು ಅಣ್ಣ ಸದಾ ಗೇಲಿ ಮಾಡುತ್ತಾನೆ, ತನ್ನ ಓದು ಅವನಿಗೆ ತಮಾಷೆ ಎಂದುಕೊಂಡಿದ್ದಳು. ಅವನೋ, ತನಗೇ ತಿಳಿಯದ ಹಾಗೆ ಅವಳಿಗೆ ಕೂರಲು ಜಾಗ ಬಿಟ್ಟು ಸಂಗೀತ ಬರೆದಿದ್ದ.

ಅಣ್ಣ ಹಿಡಿ ಕೆಳಗಿಟ್ಟು ಟೀ ಲೋಟ ಎತ್ತಿಕೊಂಡ.

“ಅಲ್ವೇ ಪಂಡಿತೆ,” ಎಂದ, “ನೀನು ಆತ್ಮಚರಿತ್ರೆ ಬರ್ದು ಪ್ರಬಂಧ ಅಂತ ಕೊಡೋಕೆ ಹೊರಟಿದ್ಯಲ್ಲೇ!”

“ನೀನು ಕೂಸು ಆಡಿಸಿದ್ದನ್ನ ಸಂಗೀತ ಅಂತ ಕೊಟ್ಟಿದೀಯ. ನಂದೇನು ಮಹಾ?”

ಮರುದಿನ ಕೊನೆಯ ತಾಲೀಮು. ಡೋಲಿನವನು ಬಾಗಿಲಲ್ಲೇ, “ಮೌನ ಸಿಕ್ತಾ ಮೇಡಂ?” ಎಂದು ಕೇಳಿದ. ಪಂಡಿತೆ ಸೀದಾ ಹೋಗಿ ಕಡ್ಡಿ ಮೇಷ್ಟ್ರ ಮುಂದೆ ನಿಂತಳು. ದಾರಿಯುದ್ದಕ್ಕೂ ಒಂದು ಗಂಭೀರವಾದ ವಾಕ್ಯ ಕಟ್ಟಿಕೊಂಡು ಬಂದಿದ್ದಳು. ಅವರ ಮುಖ ನೋಡಿದ ಕೂಡಲೇ ಅದು ಹಾರಿಹೋಯಿತು.

“ಸರ್, ಒಂದು ಮಗುಗೆ ಹೆದರಿಕೆ ಆಗಿದೆ. ಅದು ಬಂದು ಅಣ್ಣನ ತೊಡೆ ಹತ್ತಿ ಕೂತ್ಕೋಬೇಕು. ಕೂತ್ಕೊಳೋ ತನಕ ನಿಲ್ಲಬೇಕು.”

ಪಿಟೀಲಿನವರು ಕಮಾನು ಕೆಳಗಿಟ್ಟರು. ಅಣ್ಣ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದ. ನಕ್ಕುಬಿಡುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದು ಪಂಡಿತೆ ಕಾದಳು. ಕಡ್ಡಿ ಮೇಷ್ಟ್ರು ಕಡ್ಡಿಯಿಂದ ಕಿವಿಯ ಹಿಂದೆ ಕೆರೆದುಕೊಂಡರು. ಅವರಿಗೆ ಮನೆಯಲ್ಲಿ ಮೊಮ್ಮಗಳಿದ್ದಳು, ಅದು ಯಾರಿಗೂ ಗೊತ್ತಿರಲಿಲ್ಲ.

“ಹತ್ತಿ ಕೂತ ಮೇಲೆ ಒಂದ್ಸಲ ಅಲ್ಲಾಡ್ತಾವಲ್ಲ, ಸರಿಯಾಗಿ ಕೂರೋಕೆ,” ಎಂದರು. “ಅದನ್ನೂ ಸೇರಿಸ್ಲಾ?”

“ಸೇರಿಸಿ ಸರ್.”

“ಮೊದ್ಲೇ ಹೇಳಬಾರ್ದಿತ್ತೇನ್ರೀ? ಇಷ್ಟು ದಿನ ಸುಮ್ನೆ ಕೈ ಎತ್ಕೊಂಡು ನಿಂತಿದ್ದೆ.”

ಆ ತಾಲೀಮಿನಲ್ಲಿ ಅವರು ಮೌನ ಬಂದಾಗ ಕೈ ಮೇಲಿಡಲಿಲ್ಲ. ಎಡಗೈಯನ್ನು ಪಕ್ಕಕ್ಕೆ ಇಳಿಸಿ, ಯಾರಿಗೋ ಜಾಗ ಬಿಟ್ಟ ಹಾಗೆ ಹಿಡಿದು, ಕಾದು, ಇನ್ನೂ ಒಂದಿಷ್ಟು ಕಾದು, ಆಮೇಲೆ ಕೊಳಲಿನವಳತ್ತ ತಲೆಯಾಡಿಸಿದರು. ಡೋಲಿನವನು ಈ ಸಲ ಕೆಮ್ಮಲಿಲ್ಲ.

ಗೈಡಿಗೆ ಫೋನು ಮಾಡಿ ಮೂರನೇ ಅಧ್ಯಾಯ ಹೊಸದಾಗಿ ಬರೆಯುತ್ತೇನೆ ಎಂದು ಪಂಡಿತೆ ಹೇಳಿದಾಗ ಅವರು ಹೌಹಾರಿದರು. ಆಧಾರ ಏನು ಎಂದು ಕೇಳಿದರು. “ಅಣ್ಣನ ಹೆಬ್ಬೆರಳು,” ಎಂದಳು. ಆ ಕಡೆ ಕನ್ನಡಕ ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ಕೊನೆಗೆ, ಅಮ್ಮನ ಹೇಳಿಕೆಯನ್ನೂ ಅಡಿಟಿಪ್ಪಣಿಯಲ್ಲಿ ಸೇರಿಸುವುದಾದರೆ ನೋಡೋಣ ಎಂದರು.

ಸಂಗೀತ ಕಚೇರಿಯ ಸಂಜೆ ಸಭಾಂಗಣ ತುಂಬಿತ್ತು. ನಡುವಿನ ಸಾಲಿನಲ್ಲಿ ಪಂಡಿತೆ, ಅವಳ ಬಲಕ್ಕೆ ಅಣ್ಣ, ಎಡಕ್ಕೆ ಅಮ್ಮ. ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದ ಅಮ್ಮ ಮೊದಲ ಎರಡು ತುಣುಕಿಗೆ ಕೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದಿದ್ದಳು. ಮೇಲೆ ಅಲ್ಲಲ್ಲಿ ಧ್ವನಿ ಹಿಡಿಯುವ ಮೈಕುಗಳು ತೂಗುತ್ತಿದ್ದವು. ‘ಗುಹೆ’ ಶುರುವಾಯಿತು.

ಸೆಲ್ಲೊಗಳು ಮೆಟ್ಟಿಲಿಳಿದವು. ಪಂಡಿತೆ ಕುರ್ಚಿಯ ಬೆನ್ನಿಗೆ ಒತ್ತಿಕೊಂಡು ಕೂತಳು. ಇದೇನು, ಸಂಶೋಧನೆ ಮಾಡುವ ಹೆಂಗಸಿಗೆ ಈ ವಯಸ್ಸಿನಲ್ಲಿ! ಹಳೇ ಭಯ ಅಲ್ಲೇ ಎಲ್ಲೋ ಇತ್ತು, ಹೋಗಿರಲೇ ಇಲ್ಲ. ಇನ್ನೂ ಒಂದು ಮೆಟ್ಟಿಲು. ಎಲ್ಲ ನಿಂತಿತು.

ಕಡ್ಡಿ ಮೇಷ್ಟ್ರ ಎಡಗೈ ಪಕ್ಕಕ್ಕೆ ಸರಿಯಿತು. ಸಭೆ ಉಸಿರು ಬಿಗಿಹಿಡಿದು ಕೂತಿತು, ಯಾರೂ ಕೈ ತಟ್ಟಲಿಲ್ಲ. ಕತ್ತಲಲ್ಲಿ ಪಂಡಿತೆಯ ಬಲಕ್ಕೆ ಏನೋ ಅಲುಗಿತು. ಅಣ್ಣ ವೇದಿಕೆಯಿಂದ ಕಣ್ಣು ಕೀಳದೆ, ತೊಡೆಯ ಮೇಲಿದ್ದ ಕಾರ್ಯಕ್ರಮದ ಹಾಳೆ ತೆಗೆದು ಪಕ್ಕಕ್ಕಿಟ್ಟಿದ್ದ. ಕುರ್ಚಿಯ ತೋಳಿನ ಮೇಲಿದ್ದ ಎಡಗೈಯನ್ನು ಮೇಲಕ್ಕೆತ್ತಿದ್ದ.

ಅವಳಿಗೆ ತಡೆಯಲಾಗಲಿಲ್ಲ, ಕಣ್ಣು ತುಂಬಿ ಬಂತು. ಎತ್ತಿದ ಆ ತೋಳಿನಡಿಗೆ ತಲೆ ತೂರಿಸಿ ಅವನ ಭುಜಕ್ಕೆ ಒರಗಿದಳು, ಒಂದ್ಸಲ ಅಲ್ಲಾಡಿ ಸರಿಯಾಗಿ ಕೂತಳು.

ಆಗ ಎಡಗಡೆಯಿಂದ, ಎಷ್ಟು ಮೆಲ್ಲಗೆ ಮಾತಾಡಿದರೂ ಮೂರು ಸಾಲಿಗೆ ಕೇಳುವ ಅಮ್ಮನ ದನಿ ಬಂತು. ಚಪ್ಪಾಳೆಗೆ ಕೈ ಎತ್ತಿಕೊಂಡೇ ಕೇಳಿದಳು:

“ಮುಗೀತಾ?”

ಅಣ್ಣ ತಂಗಿ ಇಬ್ಬರೂ ಒಟ್ಟಿಗೇ ಅಂದರು: “ಇನ್ನೂ ಇದೆ, ಕೂತ್ಕೋ.”

ಕೊಳಲು ಶುರುವಾಯಿತು.

ಎರಡು ದಿನ ಬಿಟ್ಟು ರೆಕಾರ್ಡಿಂಗಿನವರು ಅಣ್ಣನ ಕೋಣೆಗೆ ಫೋನು ಮಾಡಿದರು. ಎಲ್ಲ ಚೆನ್ನಾಗಿ ಬಂದಿದೆ, ಆದರೆ ‘ಗುಹೆ’ಯ ಮೌನದಲ್ಲಿ ಯಾರೋ ಮೂವರು ಮಾತಾಡಿಬಿಟ್ಟಿದ್ದಾರೆ, ಅದನ್ನು ಅಳಿಸಿಬಿಡುತ್ತೇವೆ ಎಂದರು. ಪಂಡಿತೆ ಅಲ್ಲೇ ಮೇಜಿನ ಆ ಬದಿ ಕೂತು ಮೂರನೇ ಅಧ್ಯಾಯದ ಹೊಸ ಮೊದಲ ಪುಟ ಬರೆಯುತ್ತಿದ್ದಳು. ಪೆನ್ನು ನಿಲ್ಲಿಸಿ ಅಣ್ಣನನ್ನು ನೋಡಿದಳು. ಅಣ್ಣ ಅಂಗಿಯ ಮೇಲಿನ ರಬ್ಬರಿನ ಪುಡಿ ಕೊಡವಿಕೊಂಡ.

“ಅಳಿಸಬೇಡಿ,” ಎಂದ ಫೋನಿಗೆ. “ಅದು ಸ್ಕೋರಿನಲ್ಲೇ ಇದೆ.”